ಒಂದು ಮೊಳ ದೂರದ ಕಣ್ಣು: ಉಡುಪಿ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಗೌರವಪೂರ್ವಕ ವಂದನೆಗಳು.

ನಾನು ಕಟಪಾಡಿಯ ಸಮೀಪ ವಾಸವಾಗಿರುವ ನಿವೃತ್ತ ಗಣಿತ ಶಿಕ್ಷಕಿ. ನಮ್ಮ ಹಿತ್ತಿಲಿನಲ್ಲಿ ಐವತ್ತು ಚಿಲ್ಲರೆ ಮಲ್ಲಿಗೆ ಗಿಡಗಳಿವೆ. ನನ್ನ ಅತ್ತೆಯವರು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದಲೂ ಹೂ ಕಟ್ಟಿದವರು. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬ ಶಂಕರಪುರ ಮಲ್ಲಿಗೆಯ ಲೆಕ್ಕದಲ್ಲಿ, ಬೆಳಕು ಹರಿಯುವ ಮೊದಲೇ ಕೊಯ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಹೂವಿನವರು ಬರುವ ಹೊತ್ತಿಗೆ ಮುಗಿಸಿ ಕೈತೊಳೆಯುತ್ತಿದ್ದರು. ಐವತ್ತು ದಾಟಿದ ಮೇಲೆ ಒಂದು ದಿನ, "ಇನ್ನು ನನ್ನ ಕೈ ಬರುವುದಿಲ್ಲ" ಎಂದು ಹೇಳಿ ನಾರನ್ನು ಕೆಳಗಿಟ್ಟರು. ನಾವೆಲ್ಲರೂ ಅದನ್ನು ನಂಬಿದೆವು. ಬೆರಳಿನ ಗಂಟುಗಳಿಗೆ ಎಣ್ಣೆ ಕಾಯಿಸಿ ಹಚ್ಚಿದೆವು. ಆರು ವರ್ಷಗಳ ನಂತರ ಬೇರೆ ಯಾವುದೋ ಕಾರಣಕ್ಕೆ ಕಣ್ಣು ತೋರಿಸಲು ಹೋದಾಗ ಪ್ಲಸ್ 2.50 ಪವರಿನ ಒಂದು ಕನ್ನಡಕ ಬರೆದುಕೊಟ್ಟರು. ಅದು ಮನೆಗೆ ಬಂದ ಮರುದಿನ ಬೆಳಿಗ್ಗೆ ಅವರು ನಾರು ಎಲ್ಲಿದೆ ಎಂದು ಕೇಳಿದರು. ಕೈಗೆ ಏನೂ ಆಗಿರಲಿಲ್ಲ. ಆರು ವರ್ಷಗಳ ದುಡಿಮೆ ಒಂದು ಜೊತೆ ಗಾಜಿನ ಕೊರತೆಯಿಂದ ನಿಂತುಹೋಗಿತ್ತು.

ಈ ಪತ್ರವನ್ನು ಬರೆಯಲು ಅದೇ ಕಾರಣ. ನಮ್ಮ ಜಿಲ್ಲೆಯಲ್ಲಿ ಕಣ್ಣಿನ ಶಿಬಿರಗಳಿಗೆ ಬರಗಾಲವಿಲ್ಲ. ಸಂಘ ಸಂಸ್ಥೆಗಳು, ಬ್ಯಾಂಕುಗಳು, ಯುವಕ ಮಂಡಲಗಳು, ದೇವಸ್ಥಾನ, ಚರ್ಚು ಮತ್ತು ಮಸೀದಿಗಳ ಸಮಿತಿಗಳು ವರ್ಷವಿಡೀ ಬ್ಯಾನರು ಕಟ್ಟಿ ಉಚಿತ ನೇತ್ರ ತಪಾಸಣೆ ನಡೆಸುತ್ತವೆ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಶಿಬಿರಗಳಲ್ಲಿ ನಾನು ಕಂಡಂತೆ ಕಣ್ಣನ್ನು ಅಳೆಯುವ ಮಾಪನ ಒಂದೇ: ಗೋಡೆಯ ಮೇಲೆ ತೂಗುಹಾಕಿದ ಅಕ್ಷರಗಳ ಫಲಕ. ನೆದರ್ಲೆಂಡ್ಸಿನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಈ ಫಲಕವನ್ನು 6 ಮೀಟರ್ ದೂರದಿಂದ ಓದಿಸುತ್ತಾರೆ. 6/6 ಎಂದು ಗುರುತಿಸಿದ ಸಾಲಿನ ಅಕ್ಷರದ ಎತ್ತರ 8.7 ಮಿಲಿಮೀಟರ್, 6 ಮೀಟರ್ ದೂರದಲ್ಲಿ ಅದು ಕಣ್ಣಿನಲ್ಲಿ ಒಂದು ಡಿಗ್ರಿಯ ಹನ್ನೆರಡನೇ ಒಂದು ಭಾಗದಷ್ಟು ಕೋನವನ್ನು ಮಾಡುತ್ತದೆ. ಗಣಿತದವಳಾದ ನನಗೆ ಇದು ಬಹಳ ಚೆಂದದ ಉಪಾಯವಾಗಿ ಕಾಣುತ್ತದೆ. ತೊಂದರೆಯೇನೆಂದರೆ, ನಮ್ಮ ಊರಿನ ಹೆಂಗಸರು ಸಂಪಾದಿಸುವುದು 6 ಮೀಟರ್ ದೂರದಲ್ಲಿ ಅಲ್ಲ. ಹೂ ಕಟ್ಟುವುದು, ಬೀಡಿ ಸುತ್ತುವುದು, ಗೇರುಬೀಜದ ಸಿಪ್ಪೆ ಬಿಡಿಸುವುದು, ಮಲ್ಪೆಯಲ್ಲಿ ಬಲೆ ಹೆಣೆಯುವುದು, ಬಟ್ಟೆ ಹೊಲಿಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಇವೆಲ್ಲವೂ ಕಣ್ಣಿನಿಂದ ಒಂದು ಮೊಳದೊಳಗೆ ನಡೆಯುವ ಕೆಲಸಗಳು. ನಲವತ್ತೈದರ ಒಬ್ಬ ಬೀಡಿ ಕಾರ್ಮಿಕೆ ಫಲಕದ ಕೊನೆಯ ಸಾಲನ್ನೂ ತಡವರಿಸದೆ ಓದಿ, "ಕಣ್ಣು ಚೆನ್ನಾಗಿದೆ ಅಮ್ಮ" ಎಂಬ ಮಾತು ಕೇಳಿ ಮನೆಗೆ ಬರುತ್ತಾಳೆ. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾಳೆ.

ಇದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೇ ಇದೆ, ಚಾಳೀಸು. ನಲವತ್ತನ್ನು ಹೇಳುವ ಉತ್ತರದ ಪದವೇ ನಮ್ಮಲ್ಲಿ ಕನ್ನಡಕದ ಹೆಸರಾಗಿ ನಿಂತಿರುವುದು ಸುಮ್ಮನೆ ಅಲ್ಲ. ಹತ್ತು ವರ್ಷದ ಮಗುವಿನ ಕಣ್ಣಿನೊಳಗಿನ ಮಸೂರವು ಉಬ್ಬಿ ತಗ್ಗಿ, ಕನ್ನಡಕದ ಪವರನ್ನು ಅಳೆಯುವ ಡಯಾಪ್ಟರ್ ಎಂಬ ಮಾನದಲ್ಲಿ, ಸುಮಾರು 14 ಡಯಾಪ್ಟರ್‌ನಷ್ಟು ಶಕ್ತಿಯನ್ನು ಬೇಕೆಂದಾಗ ಸೇರಿಸಿಕೊಳ್ಳಬಲ್ಲದು. ನಲವತ್ತರ ಹೊತ್ತಿಗೆ ಅದು ನಾಲ್ಕೈದಕ್ಕೆ ಇಳಿದು, ಅರುವತ್ತರಲ್ಲಿ ಒಂದರ ಆಸುಪಾಸಿಗೆ ಬರುತ್ತದೆ. 40 ಸೆಂಟಿಮೀಟರ್ ದೂರದ ವಸ್ತುವನ್ನು ಸ್ಪಷ್ಟವಾಗಿ ಕಾಣಲು ಎರಡೂವರೆ ಡಯಾಪ್ಟರ್ ಬೇಕು. ಇದ್ದ ಶಕ್ತಿಯಲ್ಲಿ ಅರ್ಧದಷ್ಟನ್ನು ಮಾತ್ರ ಕಣ್ಣು ದಣಿಯದೆ ದಿನವಿಡೀ ಖರ್ಚು ಮಾಡಬಲ್ಲದು. ಆದುದರಿಂದ ನಲವತ್ತರ ಗಡಿ ದಾಟಿದವರಿಗೆ ಪತ್ರಿಕೆಯನ್ನು ದೂರ ಹಿಡಿಯುವ ಅಭ್ಯಾಸ ಬರುವುದು ಲೆಕ್ಕದ ಪ್ರಕಾರವೇ ಸರಿ. ಇದು ರೋಗವಲ್ಲ, ಕ್ಯಾರೆಟ್ಟಿನಿಂದಾಗಲಿ ಕಣ್ಣಿನ ವ್ಯಾಯಾಮದಿಂದಾಗಲಿ ಹಿಂದಕ್ಕೆ ಹೋಗುವಂಥದ್ದೂ ಅಲ್ಲ. ಬಡವರು ಶ್ರೀಮಂತರೆನ್ನದೆ ಎಲ್ಲರಿಗೂ ಬರುತ್ತದೆ, ಒಂದು ಸರಳ ಗಾಜಿನಿಂದ ಪೂರ್ತಿಯಾಗಿ ಸರಿಹೋಗುತ್ತದೆ. ಹೀಗಿದ್ದೂ ವಿಶ್ವ ಆರೋಗ್ಯ ಸಂಸ್ಥೆಯು 2019ರ ತನ್ನ ದೃಷ್ಟಿ ವರದಿಯಲ್ಲಿ, ಚಾಳೀಸಿಗೆ ತಕ್ಕ ಕನ್ನಡಕ ಸಿಗದೆ ಹತ್ತಿರದ ದೃಷ್ಟಿ ಕುಂದಿರುವವರು ಜಗತ್ತಿನಲ್ಲಿ 82.6 ಕೋಟಿ ಮಂದಿ ಎಂದು ಅಂದಾಜು ಮಾಡಿದೆ.

ಕನ್ನಡಕದಿಂದ ಕೂಲಿ ಹೆಚ್ಚಾಗುವುದೇ ಎಂದು ಕೇಳುವವರಿಗೆ ಎರಡು ಅಧ್ಯಯನಗಳ ಫಲಿತಾಂಶವನ್ನು ಮುಂದಿಡುತ್ತೇನೆ. ಅಸ್ಸಾಮಿನ ಚಹಾತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತಿರದ ಕನ್ನಡಕವನ್ನು ಮೊದಲೇ ಕೊಟ್ಟು ನಡೆಸಿದ ಪರೀಕ್ಷೆಯ ವರದಿ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಕನ್ನಡಕ ಸಿಕ್ಕಿದವರು ಕೀಳುವ ಎಲೆಯ ತೂಕವು ಸಿಗದವರಿಗಿಂತ ಶೇಕಡಾ 21.7ರಷ್ಟು ಮೇಲಿತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದೇ ಮಾದರಿಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಓದುವ ಕನ್ನಡಕ ಪಡೆದವರ ತಿಂಗಳ ಆದಾಯ ಎಂಟು ತಿಂಗಳಲ್ಲಿ ಮೂರನೇ ಒಂದು ಭಾಗದಷ್ಟು ಏರಿತ್ತು. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಮೂತಿ ಮಡಚುವ ಅಷ್ಟೂ ಹಂತಗಳಲ್ಲಿ ಕಣ್ಣಿನ ಅಂದಾಜು ತಪ್ಪಿದರೆ ಬೀಡಿ ಬ್ರಾಂಚಿನಲ್ಲಿ ಕಟ್ಟುಗಳು ತಿರಸ್ಕೃತವಾಗುತ್ತವೆ. ಕೂಲಿ ಕಡಿತವಾದಾಗ ನಮ್ಮ ಹೆಂಗಸರು ಚೆಕ್ಕರನನ್ನು ಬಯ್ಯುತ್ತಾರೆ, ಎಲೆಯ ಗುಣವನ್ನು ಬಯ್ಯುತ್ತಾರೆ, ತಮ್ಮ ವಯಸ್ಸನ್ನು ಬಯ್ಯುತ್ತಾರೆ. ಕಣ್ಣು ಯಾರ ನೆನಪಿಗೂ ಬರುವುದಿಲ್ಲ, ಏಕೆಂದರೆ ದೂರದ ಬಸ್ಸಿನ ಬೋರ್ಡು ಇನ್ನೂ ಚೆನ್ನಾಗಿ ಕಾಣುತ್ತಿರುತ್ತದೆ.

ಹೊಸ ಯೋಜನೆಯೊಂದನ್ನು ಘೋಷಿಸಿ ಎಂದು ನಾನು ಕೇಳುತ್ತಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿಯೇ ಆರಂಭವಾಯಿತು, 2017ರಲ್ಲಿ ಅದರ ಹೆಸರಿಗೆ ದೃಷ್ಟಿದೋಷ ಎಂಬ ಪದವೂ ಸೇರಿತು, ಶಾಲಾ ಮಕ್ಕಳಿಗೂ ಚಾಳೀಸಿನ ಹಿರಿಯರಿಗೂ ಉಚಿತ ಕನ್ನಡಕ ಕೊಡಲು ಅದರಲ್ಲಿ ಅವಕಾಶವಿದೆ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂದದ್ದೂ ಅದೇ 1976ರಲ್ಲಿ. ಮನೆ ಬಾಗಿಲಿಗೇ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯ ಮಾದರಿ ಕಣ್ಣಮುಂದಿದೆ. ಇಷ್ಟಾದರೂ ಕಣ್ಣಿನ ಆರೈಕೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪೊರೆಯ ಶಸ್ತ್ರಚಿಕಿತ್ಸೆ. ಡಾ. ಎಂ.ಸಿ. ಮೋದಿಯವರಂಥ ಪುಣ್ಯಾತ್ಮರು ಊರೂರು ತಿರುಗಿ ಸಾಮೂಹಿಕ ಶಿಬಿರಗಳಲ್ಲಿ ಪೊರೆ ತೆಗೆದ ನಾಡು ಇದು, ಆ ಚಿತ್ರ ಸುಲಭದಲ್ಲಿ ಅಳಿಯುವಂಥದ್ದಲ್ಲ. ಆದರೆ ಪೊರೆ ಬರುವವರೆಗಿನ ಇಪ್ಪತ್ತು ವರ್ಷಗಳ ಕಾಲ ದುಡಿಯುವ ಕಣ್ಣನ್ನು ಯಾರೂ ಕೇಳುವುದಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ, ಪ್ರತಿ ಶಿಬಿರದಲ್ಲಿಯೂ ಗೋಡೆಯ ಫಲಕದ ಜೊತೆಗೆ ಕನ್ನಡದ ಸಣ್ಣ ಅಕ್ಷರಗಳಿರುವ ಒಂದು ಕೈಫಲಕವನ್ನು ಕಡ್ಡಾಯ ಮಾಡಿ, ನಲವತ್ತು ದಾಟಿದ ಪ್ರತಿಯೊಬ್ಬರನ್ನೂ ಒಂದು ಮೊಳ ದೂರದಲ್ಲಿ ಪರೀಕ್ಷಿಸಬೇಕೆಂಬುದು ನನ್ನ ಮೊದಲ ಮತ್ತು ಮುಖ್ಯ ಕೋರಿಕೆ. ಓದು ಬಾರದವರಿಗೆ ಅಕ್ಷರದ ಬದಲು ಒಂದು ಸೂಜಿ, ಒಂದು ನಾರು, ಒಂದು ಬೀಡಿ ಕೈಗೆ ಕೊಟ್ಟರೂ ಸಾಕು. ತಪಾಸಣೆಯ ಜಾಗ ಬೀಡಿ ಬ್ರಾಂಚು ಮತ್ತು ಹೂವಿನ ಕಟ್ಟೆಯ ಬಳಿಯೇ ಆಗಲಿ. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯವರೆಗೆ ಹೋಗುವಷ್ಟು ದೊಡ್ಡ ಕಷ್ಟವೆಂದು ಅವರು ಇದನ್ನು ತಿಳಿದಿಲ್ಲ.

ರಥಬೀದಿಯ ಜಾತ್ರೆಯಂಗಡಿಯಲ್ಲಿ ಸಿಗುವ ಸಿದ್ಧ ಕನ್ನಡಕ ಸಾಲದೇ ಎಂಬ ಪ್ರಶ್ನೆಗೂ ಪ್ರಾಮಾಣಿಕ ಉತ್ತರ ಕೊಡಬೇಕು. ಎರಡೂ ಕಣ್ಣಿಗೆ ಸಮಾನ ಪವರ್ ಇದ್ದು, ದೂರದ ದೃಷ್ಟಿ ಸರಿಯಿದ್ದು, ವಕ್ರದೃಷ್ಟಿ, ಅಂದರೆ ಸಿಲಿಂಡರ್ ಪವರ್, ಇಲ್ಲದವರಿಗೆ ಅದು ಸಾಕಾಗುತ್ತದೆ. ಅದನ್ನು ಕೀಳಾಗಿ ಕಾಣುವುದು ಸರಿಯಲ್ಲ. ಅದರ ಅಪಾಯ ಗಾಜಿನಲ್ಲಿ ಇಲ್ಲ, ಗಾಜು ಕೊಂಡ ಮೇಲೆ ಬರುವ ನಿಶ್ಚಿಂತೆಯಲ್ಲಿದೆ. ನಲವತ್ತರ ನಂತರ ನೋವಿಲ್ಲದೆ, ಮುನ್ಸೂಚನೆ ಕೊಡದೆ ಅಂಚಿನ ದೃಷ್ಟಿಯನ್ನು ತಿನ್ನುತ್ತಾ ಬರುವ ಗ್ಲಾಕೋಮಾ ಎಂಬ ಕಾಯಿಲೆಯು ಕಣ್ಣಿನ ಒತ್ತಡವನ್ನು ಅಳೆದು, ನರದ ಬುಡವನ್ನು ನೋಡಿದರೆ ಮಾತ್ರ ತಿಳಿಯುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಮಧುಮೇಹವಿರುವವರು ಕಣ್ಣಿಗೆ ಔಷಧ ಹಾಕಿ ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲವನ್ನು (ರೆಟಿನಾ) ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲೇಬೇಕು. ಸಕ್ಕರೆ ಹತೋಟಿಯಲ್ಲಿದೆ ಎಂದು ಇದನ್ನು ತಪ್ಪಿಸುವ ಹಾಗಿಲ್ಲ. ಇನ್ನು ದೂರಕ್ಕೂ ಹತ್ತಿರಕ್ಕೂ ಪವರ್ ಬೇಕಾದವರ ಪಾಡು ಬೇರೆ. ಗೆರೆ ಇರುವ ಬೈಫೋಕಲ್ ಅಗ್ಗ, ಗೆರೆ ಕಾಣದ ಪ್ರೊಗ್ರೆಸಿವ್ ದುಬಾರಿ ಮತ್ತು ಅಭ್ಯಾಸವಾಗಲು ಒಂದೆರಡು ವಾರ ಬೇಕು. ಎರಡರಲ್ಲಿಯೂ ಮೆಟ್ಟಿಲು ಇಳಿಯುವಾಗ ಗಾಜಿನ ಕೆಳಭಾಗದಿಂದ ನೆಲವನ್ನು ನೋಡಿದರೆ ಮೆಟ್ಟಿಲು ಮಸುಕಾಗಿ ಕಾಲು ತಪ್ಪುತ್ತದೆ. ಪಾಚಿ ಕಟ್ಟಿದ ನಮ್ಮ ಮಳೆಗಾಲದ ಅಂಗಳಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಸಲ್ಲುತ್ತದೆ. ಸದ್ಯ ಒಂದು ಒಳ್ಳೆಯ ಸುದ್ದಿಯೂ ಇದೆ: ದೃಷ್ಟಿ ತಿದ್ದುವ ಕನ್ನಡಕ ಮತ್ತು ಲೆನ್ಸುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ ಪಡೆದವರಿಗೆ ಅದು ಗೊತ್ತಾಗುತ್ತದೆ.

ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ನಾನು ಮೊದಲು ಒಂದು ತಪ್ಪೊಪ್ಪಿಗೆಯನ್ನು ಸಲ್ಲಿಸಬೇಕಾಗಿದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬಾಯಿಲೆಕ್ಕದಲ್ಲಿ ಚುರುಕು, ಬೋರ್ಡಿನಿಂದ ಬರೆದುಕೊಳ್ಳುವಾಗ ಎಲ್ಲವೂ ತಪ್ಪು. ಮೂರನ್ನು ಎಂಟೆಂದು, ಆರನ್ನು ಸೊನ್ನೆಯೆಂದು ಬರೆಯುತ್ತಿದ್ದ. ಅವನ ಅಜಾಗರೂಕತೆಗಾಗಿ ನಾನು ಒಂದು ವರ್ಷ ಪೂರ್ತಿ ಅವನನ್ನು ಗದರಿಸಿದ್ದೇನೆ. ಮರುವರ್ಷ ಆರೋಗ್ಯ ತಂಡದವರು ಬಂದಾಗ ಅವನಿಗೆ ಮೈನಸ್ 3.50 ಇರುವುದು ತಿಳಿಯಿತು. ತನಗೆ ಮಸುಕಾಗಿ ಕಾಣುತ್ತದೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದು ಅವನು ತಿಳಿದಿದ್ದ. ಇದಕ್ಕಿಂತ ಬೇಸರದ ಸಂಗತಿಯೆಂದರೆ, ಪಟ್ಟಿಯಲ್ಲಿ ಹೆಸರು ಬಂದ ಏಳು ತಿಂಗಳ ಮೇಲೆ ಕನ್ನಡಕ ಬಂತು, ಅಷ್ಟರಲ್ಲಿ ಅವನ ಪವರ್ ಬದಲಾಗಿತ್ತು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಿಗೆ ಬರುತ್ತವೆ, ಪರೀಕ್ಷಿಸುತ್ತವೆ, ಪಟ್ಟಿ ಮಾಡುತ್ತವೆ. ಪಟ್ಟಿಯಿಂದ ಮಗುವಿನ ಮೂಗಿನ ಮೇಲೆ ಕನ್ನಡಕ ಕೂರುವವರೆಗಿನ ದಿನಗಳನ್ನು ಎಣಿಸುವವರು ಯಾರು? ಆ ಅವಧಿ 30 ದಿನ ಮೀರಬಾರದೆಂದು, ಮೀರಿದ ಪ್ರಕರಣಗಳನ್ನು ಪ್ರತಿ ತಿಂಗಳ ಸಭೆಯಲ್ಲಿ ಹೆಸರು ಸಹಿತ ಓದಬೇಕೆಂದು ಆದೇಶ ಹೊರಡಿಸುವುದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಒಂದನೇ ತರಗತಿಗೆ ಸೇರುವ ಮಕ್ಕಳ ಒಂದೊಂದೇ ಕಣ್ಣನ್ನು ಮುಚ್ಚಿ ಪರೀಕ್ಷಿಸುವುದು ಬೇರೆಯೇ ಕಾರಣಕ್ಕೆ ತುರ್ತಿನದು. ಒಂದು ಕಣ್ಣಿಗೆ ಮಾತ್ರ ಹೆಚ್ಚು ಪವರ್ ಇರುವ ಮಗು ಇನ್ನೊಂದು ಕಣ್ಣಿನಿಂದ ಎಲ್ಲವನ್ನೂ ನಿಭಾಯಿಸುತ್ತದೆ. ಬಳಸದ ಕಣ್ಣಿನ ಚಿತ್ರವನ್ನು ಮೆದುಳು ಕ್ರಮೇಣ ತಳ್ಳಿಹಾಕುತ್ತದೆ. ಸೋಮಾರಿ ಕಣ್ಣು ಎಂದು ಕರೆಯುವ ಈ ಸ್ಥಿತಿಯನ್ನು ಏಳೆಂಟು ವರ್ಷದೊಳಗೆ ಕನ್ನಡಕ ಮತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆಯಿಂದ ಚೆನ್ನಾಗಿ ತಿದ್ದಬಹುದು. ಆ ವಯಸ್ಸು ದಾಟಿದ ಮೇಲೆ ಫಲ ಕುಂದುತ್ತಾ ಹೋಗುತ್ತದೆ.

ಮೈನಸ್ ಪವರ್ ಏರುವುದೆಂದರೆ ಕಣ್ಣಿನ ಗುಡ್ಡೆ ಉದ್ದವಾಗುವುದು. ವಯಸ್ಕರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದು ಮಿಲಿಮೀಟರ್ ಹೆಚ್ಚಾದರೆ ಪವರ್ ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಹಗಲಿನ ಬಯಲು ಬೆಳಕು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಂಡುಬಂದಿದೆ: ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ಅವಧಿ ಹೆಚ್ಚಿಗೆ ಕೊಟ್ಟ ಶಾಲೆಗಳಲ್ಲಿ ಮೂರು ವರ್ಷಗಳ ನಂತರ ಸಮೀಪದೃಷ್ಟಿ ಬಂದ ಮಕ್ಕಳು ಕಡಿಮೆಯಿದ್ದರು. ತೈವಾನ್ ದಿನಕ್ಕೆ 120 ನಿಮಿಷ ಹೊರಗಿರುವುದನ್ನೇ ಶಾಲೆಗಳ ಗುರಿಯಾಗಿಸಿಕೊಂಡಿದೆ. ನಮ್ಮಲ್ಲಿ ಜೂನ್ ಬಂದೊಡನೆ ಪಿ.ಟಿ. ಅವಧಿಯು ಗಣಿತದ ಪಾಲಾಗುತ್ತದೆ (ಆ ಅವಧಿಯನ್ನು ಕಸಿದವರಲ್ಲಿ ನಾನೂ ಒಬ್ಬಳು), ಮತ್ತು ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಯ ದಿನ ಮಕ್ಕಳ ಕೈಗೆ ಮೊಬೈಲು ಬರುತ್ತದೆ. ರಜೆ ಬೇಡವೆಂದು ನಾನು ಹೇಳಿದರೆ ಜಿಲ್ಲೆಯ ಮಕ್ಕಳೆಲ್ಲ ನನಗೆ ಶಾಪ ಹಾಕಿಯಾರು. ಮೋಡ ಕವಿದ ದಿನದಲ್ಲಿಯೂ ಹೊರಗಿನ ಬೆಳಕು ತರಗತಿಯೊಳಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಮಳೆ ಬಿಟ್ಟ ಅರ್ಧ ಗಂಟೆಯನ್ನಾದರೂ ಅಂಗಳದಲ್ಲಿ ಕಳೆಯಲು ಬಿಡಿ ಎಂದು ಪೋಷಕರಲ್ಲಿ ಕೇಳಿಕೊಳ್ಳುತ್ತೇನೆ. ಪವರ್ ವೇಗವಾಗಿ ಏರುತ್ತಿರುವ ಮಕ್ಕಳಿಗೆ ಕಡಿಮೆ ಸಾಂದ್ರತೆಯ ಅಟ್ರೊಪಿನ್ ಹನಿಗಳು, ವಿಶೇಷ ವಿನ್ಯಾಸದ ಗಾಜುಗಳು ಈಗ ಬಂದಿವೆ, ಅವು ವೈದ್ಯರೊಡನೆ ಕೂತು ತೀರ್ಮಾನಿಸಬೇಕಾದವು.

ಈಗ ಲೇಸರಿನ ಮಾತು. ಮಂಗಳೂರಿನ ಹಂಪನಕಟ್ಟೆಯಿಂದ ಮಣಿಪಾಲದವರೆಗೆ ದಾರಿಯುದ್ದಕ್ಕೂ ಕನ್ನಡಕಕ್ಕೆ ವಿದಾಯ ಹೇಳಿ ಎಂಬ ಅರ್ಥದ ಜಾಹೀರಾತುಗಳು ಕಣ್ಣಿಗೆ ಬೀಳುತ್ತವೆ. ನನ್ನ ತಂಗಿಯ ಮಗಳಿಗೆ 23 ವರ್ಷ, ಪವರ್ ಮೈನಸ್ 7. ನೋಡಲು ಬಂದ ಗಂಡಿನ ಕಡೆಯವರು ಹುಡುಗಿಯ ಓದನ್ನು ಕೇಳುವ ಮೊದಲೇ "ಕನ್ನಡಕ ತೆಗೆಸಬಹುದಲ್ಲ" ಎಂದರು. ಅವಳು ಒಂದು ಚಿಕಿತ್ಸಾಲಯಕ್ಕೆ ಹೋದಳು. ಅರ್ಧ ಗಂಟೆಯೊಳಗೆ ದಿನ ನಿಗದಿಯಾಗಿ ಮುಂಗಡವೂ ಪಾವತಿಯಾಯಿತು. ನನ್ನ ಒತ್ತಾಯಕ್ಕೆ ಇನ್ನೊಂದು ಕಡೆ ತೋರಿಸಿದಾಗ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ದಪ್ಪವನ್ನು ಮತ್ತು ಅದರ ಮೇಲ್ಮೈಯ ನಕ್ಷೆಯನ್ನು ತೆಗೆದು ನೋಡಿದ ವೈದ್ಯರು ಬೇಡವೆಂದರು. ಲೆಕ್ಕ ಹೀಗಿದೆ. ಕಾರ್ನಿಯಾದ ನಡುಭಾಗ ಸಾಮಾನ್ಯವಾಗಿ 540 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪವಿರುತ್ತದೆ, ಅವಳದು 478. ಲೇಸಿಕ್ ಎಂಬ ಲೇಸರ್ ಚಿಕಿತ್ಸೆಯಲ್ಲಿ ಮೊದಲು ಎತ್ತುವ ಪದರ ಸುಮಾರು 110 ಮೈಕ್ರಾನ್. ಆಮೇಲೆ ಪ್ರತಿ ಡಯಾಪ್ಟರಿಗೆ ಹದಿನಾಲ್ಕರಂತೆ ಕೆತ್ತಿದರೆ ಏಳಕ್ಕೆ 98. ಉಳಿಯುವುದು 270. ಕನಿಷ್ಠ 250 ಇರಬೇಕು, 300 ಇದ್ದರೆ ಕ್ಷೇಮ ಎಂಬುದು ಈ ಕ್ಷೇತ್ರದ ರೂಢಿ. ಅದಕ್ಕೂ ಮಿಗಿಲಾಗಿ, ನಕ್ಷೆಯಲ್ಲಿ ಕಾರ್ನಿಯಾ ಕೆಳಗಡೆ ಮೊನಚಾಗುತ್ತಿರುವ ಕೆರಟೊಕೋನಸ್‌ನ ಅನುಮಾನ ಕಂಡುಬಂದಿತ್ತು. ಅಂಥ ಕಣ್ಣನ್ನು ಕೆತ್ತಿದರೆ ಅದು ಇನ್ನಷ್ಟು ಉಬ್ಬಿ, ಮುಂದೆ ಕನ್ನಡಕಕ್ಕೂ ಬಗ್ಗದ ದೃಷ್ಟಿಯಾಗುವ ಸಂಭವವಿದೆ. ಅವಳಿಗೆ ಚಿಕ್ಕಂದಿನಿಂದಲೂ ಕಣ್ಣುಜ್ಜುವ ಅಭ್ಯಾಸ, ಈ ಕಾಯಿಲೆಗೆ ಅದೂ ಒಂದು ದಾರಿ. ದೋಷ ಮುಂದುವರಿದರೆ ರೈಬೊಫ್ಲೇವಿನ್ ಹನಿ ಮತ್ತು ನೇರಳಾತೀತ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಇದೆ. ಮುಂಗಡ ಹಣ ಮರಳಲು ಮೂರು ತಿಂಗಳು ಬೇಕಾಯಿತು. ಆ ಸಂಬಂಧವೂ ಮುರಿಯಿತು, ಅದರ ಬಗ್ಗೆ ನನಗೇನೂ ವಿಷಾದವಿಲ್ಲ.

ಲೇಸರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಕ್ಕ ಕಣ್ಣಿಗೆ, ತಕ್ಕ ವಯಸ್ಸಿಗೆ ಅದು ಒಳ್ಳೆಯ ಚಿಕಿತ್ಸೆ. ಪದರ ಎತ್ತದೆ ಮೇಲ್ಮೈಯಲ್ಲಿ ಕೆತ್ತುವ ಪಿಆರ್‌ಕೆಯಲ್ಲಿ ಮೂರು ನಾಲ್ಕು ದಿನ ನೋವಿರುತ್ತದೆ. ಸಣ್ಣ ಸೀಳಿನಿಂದ ಬಿಲ್ಲೆಯೊಂದನ್ನು ಹೊರತೆಗೆಯುವ ಸ್ಮೈಲ್ ಇದೆ. ಪವರ್ ಹೆಚ್ಚಿದ್ದು ಕಾರ್ನಿಯಾ ತೆಳುವಾಗಿರುವವರಿಗೆ ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಇದೆ, ಅದಕ್ಕೆ ಕಣ್ಣಿನ ಮುಂಭಾಗದಲ್ಲಿ ಸಾಕಷ್ಟು ಆಳ ಬೇಕು ಮತ್ತು ಕಿಸೆಯಲ್ಲಿಯೂ ಸಾಕಷ್ಟು ಆಳ ಬೇಕು. ಪವರ್ ಕನಿಷ್ಠ ಒಂದು ವರ್ಷ ಸ್ಥಿರವಾಗಿರಬೇಕು. ಹದಿನೆಂಟು ತುಂಬುವ ಮೊದಲು ಮತ್ತು ಗರ್ಭಿಣಿಯಾಗಿರುವಾಗ, ಮೊಲೆಯೂಡಿಸುವಾಗ ಮಾಡಿಸುವಂತಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಪರೀಕ್ಷೆಗೆ ಮೊದಲು ವೈದ್ಯರು ಹೇಳಿದಷ್ಟು ದಿನ ಅದನ್ನು ನಿಲ್ಲಿಸದಿದ್ದರೆ ಅಳತೆಯೇ ತಪ್ಪುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಕಣ್ಣು ಒಣಗುತ್ತದೆ, ರಾತ್ರಿ ಹೆದ್ದಾರಿಯಲ್ಲಿ ಎದುರಿನ ದೀಪದ ಸುತ್ತ ಪ್ರಭೆ ಕಾಣುತ್ತದೆ. ಜಾಹೀರಾತಿನಲ್ಲಿ ಬಾರದ ಇನ್ನೆರಡು ಸಂಗತಿಗಳಿವೆ. ಲೇಸರ್ ಆದ ಮೇಲೆಯೂ ಉದ್ದವಾದ ಕಣ್ಣು ಉದ್ದವಾಗಿಯೇ ಉಳಿಯುತ್ತದೆ. ಆರರ ಮೇಲೆ ಮೈನಸ್ ಇದ್ದವರು ಅಕ್ಷಿಪಟಲವನ್ನು ವರ್ಷಕ್ಕೊಮ್ಮೆ ನೋಡಿಸಬೇಕು, ಮಿಂಚು ಹೊಡೆದಂತೆ, ಮಸಿ ಚೆಲ್ಲಿದಂತೆ, ಪರದೆ ಇಳಿದಂತೆ ಕಂಡರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಎರಡನೆಯದು, ದೂರದ ದೃಷ್ಟಿಯನ್ನು ಪೂರ್ತಿ ತಿದ್ದಿಸಿಕೊಂಡವರಿಗೂ ನಲವತ್ತರ ಆಸುಪಾಸಿನಲ್ಲಿ ಚಾಳೀಸು ಬಂದೇ ಬರುತ್ತದೆ. ಸಾವಿರಗಟ್ಟಲೆ ತೆತ್ತು ಬೀಳ್ಕೊಟ್ಟ ಕನ್ನಡಕ ಹತ್ತಿರದ ಕೆಲಸಕ್ಕಾಗಿ ಮತ್ತೆ ಮನೆಗೆ ಬರುತ್ತದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷತೆ ಜಿಲ್ಲಾಧಿಕಾರಿಗಳದ್ದೇ ಆಗಿರುವುದರಿಂದ, ದೃಷ್ಟಿ ತಿದ್ದುವ ಶಸ್ತ್ರಚಿಕಿತ್ಸೆಗೆ ಹಣ ಪಡೆಯುವ ಮೊದಲು ಕಾರ್ನಿಯಾದ ದಪ್ಪ ಮತ್ತು ನಕ್ಷೆಯ ವರದಿಯನ್ನು ರೋಗಿಯ ಕೈಗೆ ಕನ್ನಡದ ವಿವರಣೆಯೊಡನೆ ಕೊಡಬೇಕೆಂದು ಸೂಚಿಸಬೇಕಾಗಿ ವಿನಂತಿ.

ಕಾಂಟ್ಯಾಕ್ಟ್ ಲೆನ್ಸಿನ ವಿಷಯದಲ್ಲಿ ಒಂದೇ ಮಾತು. ನಮ್ಮದು ಬಾವಿ, ಕೆರೆ, ಹೊಳೆ, ಕಡಲಿನ ಊರು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿಯಲ್ಲಿ ಸಿಕ್ಕಿಕೊಂಡರೆ ಕಾರ್ನಿಯಾವನ್ನು ತಿನ್ನುತ್ತದೆ. ಲೆನ್ಸಿಗೆ ಬಾವಿ ನೀರು, ನಲ್ಲಿ ನೀರು ಯಾವುದೂ ಸೋಕಬಾರದು, ಅದನ್ನು ಹಾಕಿಕೊಂಡು ಈಜಬಾರದು, ಮಲಗಬಾರದು.

ಮಳೆಗಾಲದ ಕೆಂಗಣ್ಣಿನ ಬಗ್ಗೆ ಔಷಧ ಅಂಗಡಿಗಳವರಿಗೂ ಸ್ವಲ್ಪ ಹೇಳಬೇಕಾಗಿದೆ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ಮನೆಮನೆಗೆ ಹಬ್ಬಿದಾಗ, ಚೀಟಿಯಿಲ್ಲದೆ ಕೇಳಿದವರಿಗೆಲ್ಲ ಸ್ಟೀರಾಯ್ಡ್ ಬೆರೆತ ಹನಿಗಳನ್ನು ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಆ ಹನಿಯಿಂದ ಕೆಂಪು ಎರಡೇ ದಿನದಲ್ಲಿ ಇಳಿಯುತ್ತದೆ, ಆದ್ದರಿಂದಲೇ ಜನ ಅದನ್ನು ಇಷ್ಟಪಡುತ್ತಾರೆ, ಮತ್ತು ಮುಂದಿನ ವರ್ಷ ಅದೇ ಸೀಸೆಯನ್ನು ತಾವಾಗಿ ಕೊಳ್ಳುತ್ತಾರೆ. ದೀರ್ಘಕಾಲ ಬಳಸಿದರೆ ಅದು ಕಣ್ಣಿನ ಒತ್ತಡವನ್ನು ಏರಿಸುತ್ತದೆ, ಪೊರೆಯನ್ನು ತರುತ್ತದೆ. ಅಡಿಕೆ ಸೋಗೆಯೋ ಭತ್ತದ ಗರಿಯೋ ತಾಗಿ ಶಿಲೀಂಧ್ರದ ಹುಣ್ಣಾಗಿರುವ ಕಣ್ಣಿಗೆ ಹಾಕಿದರಂತೂ ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ. ನಂಜಬಟ್ಟಲು ಹೂವಿನ ರಸ, ಎದೆಹಾಲು ಇವುಗಳ ಮೇಲಿನ ನಂಬಿಕೆಯನ್ನೂ ನಾನು ಬಲ್ಲೆ, ಹೂವು ಮುಡಿಯಲಿಕ್ಕೆ ಚೆಂದ. ಸಾಮಾನ್ಯ ವೈರಸ್ಸಿನ ಕೆಂಗಣ್ಣು ಕೈ ತೊಳೆಯುತ್ತಾ, ಟವೆಲು ಬೇರೆ ಇಟ್ಟುಕೊಂಡು ಕಾದರೆ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ನೋವು ಹೆಚ್ಚಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ಸಹಿಸದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿಚುಕ್ಕೆ ಕಂಡರೆ ಮಾತ್ರ ಕಾಯುವಂತಿಲ್ಲ. ಚೀಟಿಯಿಲ್ಲದ ಸ್ಟೀರಾಯ್ಡ್ ಹನಿಯ ಮಾರಾಟವನ್ನು ಜೂನ್ ತಿಂಗಳಲ್ಲಿಯೇ ತಪಾಸಣೆ ಮಾಡಿಸುವ ಅಧಿಕಾರ ಆಡಳಿತಕ್ಕಿದೆ.

ಮತ್ತೆ ಒಂದು ಮೊಳದ ಮಾತಿಗೆ ಬರುತ್ತೇನೆ. 2021ರಲ್ಲಿ ವಿಶ್ವ ಆರೋಗ್ಯ ಸಭೆಯು, ಕನ್ನಡಕ ಬೇಕಾದವರಿಗೆ ಸರಿಯಾದ ಕನ್ನಡಕ ತಲುಪುವ ಪ್ರಮಾಣವನ್ನು 2030ರೊಳಗೆ ಶೇಕಡಾವಾರಿನಲ್ಲಿ 40 ಅಂಶಗಳಷ್ಟು ಏರಿಸಬೇಕೆಂದು ಗುರಿ ಹಾಕಿಕೊಂಡಿತು. ಹತ್ತಿರದ ದೃಷ್ಟಿಯೂ ಅದರಲ್ಲಿ ಸೇರಿದೆ. ಗುರಿ ಮುಟ್ಟಿದೆವೋ ಇಲ್ಲವೋ ಎಂದು ಹೇಳಲು ನಮ್ಮ ಜಿಲ್ಲೆಯಲ್ಲಿ ಮೊದಲು ಅಳತೆಯೇ ಆಗಬೇಕು. ಕಾಪು ತಾಲ್ಲೂಕಿನ ಒಂದು ಬೀಡಿ ಬ್ರಾಂಚು ಮತ್ತು ಒಂದು ಹೂವಿನ ಕಟ್ಟೆಯಿಂದ ಆರಂಭಿಸಬಹುದು. ಜಾಗದ ಕೊರತೆ ಎನ್ನುವುದಾದರೆ ನಮ್ಮ ಮನೆಯ ಜಗಲಿ ಉದ್ದವಾಗಿದೆ, ಮಳೆಗಾಲದಲ್ಲಿಯೂ ಒಳ್ಳೆಯ ಬೆಳಕಿರುತ್ತದೆ, ಐವತ್ತು ಮಂದಿ ಕೂರಬಹುದು. ಹೂ ಕಟ್ಟುವವರಿಗೆ ಬೆಳಿಗ್ಗೆ ಬಿಡುವಾಗುವುದಿಲ್ಲ, ಬೀಡಿಯವರಿಗೆ ಬ್ರಾಂಚಿಗೆ ಹೋಗುವ ಹೊತ್ತು ತಪ್ಪಬಾರದು. ಆದ್ದರಿಂದ ಮಧ್ಯಾಹ್ನ ಮೂರರ ನಂತರದ ಯಾವುದೇ ದಿನವನ್ನು ಇಟ್ಟುಕೊಳ್ಳಿ, ಹಿಂದಿನ ದಿನ ತಿಳಿಸಿದರೆ ಸಾಕು. ತಂಡದವರು ಬರುವಾಗ ಪ್ಲಸ್ 1.00ರಿಂದ 2.50ರವರೆಗಿನ ಗಾಜುಗಳನ್ನು ಜೊತೆಯಲ್ಲಿಯೇ ತರಲಿ. ಹೆಸರು ಬರೆದುಕೊಂಡು ಹೋಗುವುದಾದರೆ ಬರುವುದು ಬೇಡ.

ಇತಿ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ, ಕಟಪಾಡಿ